ಚಿತ್ರಕ್ಕಿಂತ ಮೊದಲು ಟ್ಯೂನು: ಜಪಾನಿ ಅನಿಮೇಷನ್ ಸಿನಿಮಾಗಳ ಸಂಗೀತ ತಲೆಯಿಂದ ಯಾಕೆ ಹೋಗುವುದಿಲ್ಲ?

ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಒಬ್ಬ ಹುಡುಗಿ ಕೀಬೋರ್ಡ್ ಕಲಿಯುತ್ತಿದ್ದಾಳೆ. ದಿನಾ ಸಂಜೆ ಒಂದೇ ಟ್ಯೂನು. ಮೊದಲ ವಾರ ತಡವರಿಸಿಕೊಂಡು ನುಡಿಸುತ್ತಿದ್ದಳು, ಆಮೇಲೆ ಸ್ವಲ್ಪ ಸರಾಗವಾಯಿತು, ಈಗಂತೂ ಲಿಫ್ಟಿಗೆ ಕಾಯುವಾಗ ನನ್ನ ಕಾಲೇ ತಕಿಟ ತಕಿಟ ಅಂತ ತಾಳ ಹಾಕುತ್ತದೆ. ಒಂದು ದಿನ ಮೆಟ್ಟಿಲ ಹತ್ತಿರ ಸಿಕ್ಕಳು. "ಯಾವ ಸಿನಿಮಾದ್ದು ಪುಟ್ಟಾ ಅದು?" ಅಂದೆ. "ಗೊತ್ತಿಲ್ಲ ಅಂಕಲ್, ರೀಲ್ಸಲ್ಲಿ ಬಂತು" ಅಂದಳು.

ಅದು 2004ರ ಜಪಾನಿ ಅನಿಮೇಷನ್ ಸಿನಿಮಾ 'ಹೌಲ್ಸ್ ಮೂವಿಂಗ್ ಕ್ಯಾಸಲ್'ನ ಮುಖ್ಯ ಟ್ಯೂನು. ಸಂಯೋಜಿಸಿದವರು ಜೋ ಹಿಸಾಯಿಶಿ. ಸಿನಿಮಾ ಬಂದಾಗ ಈ ಹುಡುಗಿ ಹುಟ್ಟಿಯೇ ಇರಲಿಲ್ಲ. ಅದನ್ನು ನೋಡಿಯೂ ಇಲ್ಲ. ಆದರೂ ಟ್ಯೂನು ಬಂದು ಬೆರಳಲ್ಲಿ ಕೂತಿದೆ.

ಇದು ಹೇಗೆ? 'ಟ್ಯೂನು ಚೆನ್ನಾಗಿದೆ, ಅದಕ್ಕೆ' ಅನ್ನುವುದು ಉತ್ತರ ಅಲ್ಲ. ಚೆನ್ನಾಗಿರುವ ಹಿನ್ನೆಲೆ ಸಂಗೀತ ಎಲ್ಲ ಕಡೆ ಇದೆ. ಆದರೆ ಥಿಯೇಟರಿನಿಂದ ಹೊರಗೆ ಬಂದು ಬೈಕ್ ಸ್ಟಾರ್ಟ್ ಮಾಡುವಷ್ಟರಲ್ಲಿ ಅದರಲ್ಲಿ ಮುಕ್ಕಾಲು ಪಾಲು ಮರೆತಿರುತ್ತೇವೆ. ನನಗೆ ಅನ್ನಿಸುವ ಪ್ರಕಾರ ಗುಟ್ಟು ಇರುವುದು ಕೆಲಸ ನಡೆಯುವ ಕ್ರಮದಲ್ಲಿ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದರಲ್ಲಿ.

ನಮ್ಮ ಸಿನಿಮಾಗಳನ್ನೇ ತಗೊಳ್ಳಿ. ಹಾಡಿನ ಟ್ಯೂನು ಶೂಟಿಂಗಿಗೆ ಮೊದಲೇ ರೆಡಿಯಾಗುತ್ತದೆ. ಸಂಗೀತ ನಿರ್ದೇಶಕರು, ಡೈರೆಕ್ಟರು, ಸಾಹಿತಿ ಕೂತು ಸನ್ನಿವೇಶ ಮಾತಾಡಿಕೊಂಡು ಹಾಡು ಕಟ್ಟುತ್ತಾರೆ, ಚಿತ್ರೀಕರಣ ಆಮೇಲೆ. ಹಿನ್ನೆಲೆ ಸಂಗೀತದ ಕಥೆ ಉಲ್ಟಾ. ಶೂಟಿಂಗ್ ಮುಗಿದು, ಎಡಿಟಿಂಗ್ ಮುಗಿದು, ಬಿಡುಗಡೆಗೆ ಸ್ವಲ್ಪ ದಿನ ಇರುವಾಗ ರೀರೆಕಾರ್ಡಿಂಗ್ ಶುರುವಾಗುತ್ತದೆ. ಇಲ್ಲಿ ಹನ್ನೆರಡು ಸೆಕೆಂಡಿನ ಬಿಟ್ ಬೇಕು, ಬಾಗಿಲು ತೆರೆದಾಗ ಧಡ್ ಅನ್ನಬೇಕು, ಅಮ್ಮ ಅತ್ತಾಗ ಪಿಟೀಲು ಬೇಕು. ಹಾಗಾಗಿ ನಮ್ಮಲ್ಲಿ ಹಾಡು ನೆನಪಿರುತ್ತದೆ, ಬಿಜಿಎಂ ಅಷ್ಟಾಗಿ ನೆನಪಿರಲ್ಲ. ಒಳ್ಳೆಯ ಅಪವಾದಗಳಿವೆ, ಬಿಡಿ, ಜಗಳಕ್ಕೆ ಬರಬೇಡಿ. ಹಾಡು ತನ್ನ ಕಾಲ ಮೇಲೆ ನಿಂತು ಹುಟ್ಟಿದ್ದು. ಬಿಜಿಎಂ ಹುಟ್ಟಿದ್ದು ಚಿತ್ರದ ಅಳತೆಗೆ ಬಟ್ಟೆ ಕತ್ತರಿಸಿದ ಹಾಗೆ.

ಜಪಾನಿನಲ್ಲಿ ಬಿಜಿಎಂಗೂ ಹಾಡಿನ ಮರ್ಯಾದೆ ಕೊಡುವ ಒಂದು ಪದ್ಧತಿ ಇದೆ. ಅದರ ಹೆಸರು 'ಇಮೇಜ್ ಆಲ್ಬಂ'. ಸಿನಿಮಾದ ಚಿತ್ರಗಳು ಇನ್ನೂ ತಯಾರಾಗುತ್ತಿರುವಾಗಲೇ ಸಂಯೋಜಕರ ಕೈಗೆ ಕಥೆಯ ಎಳೆ, ಒಂದಿಷ್ಟು ರೇಖಾಚಿತ್ರ, ನಿರ್ದೇಶಕರು ಬರೆದ ಕೆಲವು ಪದಗಳು, ಕೆಲವೊಮ್ಮೆ ಪುಟ್ಟ ಕವಿತೆಯಂಥ ಟಿಪ್ಪಣಿ, ಇಷ್ಟು ಬರುತ್ತದೆ. ಅದನ್ನು ಓದಿ ಅವರಿಗೆ ಹೊಳೆದದ್ದನ್ನು ಅವರು ಬರೆಯುತ್ತಾರೆ. ಸೆಕೆಂಡಿನ ಲೆಕ್ಕ ಇಲ್ಲ, ಬಾಗಿಲು ತೆರೆಯುವ ಗೊಡವೆ ಇಲ್ಲ. ಆ ಸಂಗೀತ ಒಂದು ಆಲ್ಬಂ ಆಗಿ ಸಿನಿಮಾಕ್ಕಿಂತ ಮೊದಲೇ ಅಂಗಡಿಗೂ ಬರುತ್ತದೆ. ಚಿತ್ರ ಬಿಡಿಸುವವರು ಅದನ್ನು ಕೇಳಿಕೊಂಡು ಕೆಲಸ ಮಾಡಬಹುದು. ಕೊನೆಯಲ್ಲಿ ಆ ಟ್ಯೂನುಗಳನ್ನೇ ತಿದ್ದಿ, ಕತ್ತರಿಸಿ, ಹಿಗ್ಗಿಸಿ ಸಿನಿಮಾದ ಸಂಗೀತ ಮಾಡುತ್ತಾರೆ.

ಹಿಸಾಯಿಶಿ ಈ ಲೋಕಕ್ಕೆ ಬಂದಿದ್ದೇ ಹೀಗೆ. ಅವರ ನಿಜವಾದ ಹೆಸರು ಮಾಮೊರು ಫುಜಿಸಾವಾ, ಹುಟ್ಟಿದ್ದು 1950ರಲ್ಲಿ, ನಾಗಾನೊ ಪ್ರಾಂತ್ಯದಲ್ಲಿ. ಈ ಕಾವ್ಯನಾಮದಂಥ ಹೆಸರು ಬಂದ ಬಗೆ ತಮಾಷೆಯದು. ಅಮೆರಿಕದ ಸಂಗೀತಗಾರ ಕ್ವಿನ್ಸಿ ಜೋನ್ಸ್ ಅಂದರೆ ಇವರಿಗೆ ಪ್ರಾಣ. 'ಜೋನ್ಸ್' ಹೋಗಿ 'ಜೋ' ಆಯಿತು. 'ಹಿಸಾಯಿಶಿ' ಅಂತ ಬರೆಯುವ ಎರಡು ಅಕ್ಷರಗಳನ್ನು ಇನ್ನೊಂದು ರೀತಿಯಲ್ಲಿ 'ಕುಯಿಶಿ' ಅಂತಲೂ ಓದಬಹುದು. ಕುಯಿಶಿ, ಕ್ವಿನ್ಸಿ. ಮುಗಿಯಿತು.

1983ರಲ್ಲಿ, ಮುಂದೆ 'ಹೌಲ್' ಮಾಡಿದ ನಿರ್ದೇಶಕ ಹಯಾವೊ ಮಿಯಾಜಾಕಿ 'ನೌಸಿಕಾ' ಅನ್ನುವ ಸಿನಿಮಾ ಮಾಡುತ್ತಿದ್ದರು. ಇಮೇಜ್ ಆಲ್ಬಂ ಕೆಲಸ ಹಿಸಾಯಿಶಿಗೆ ಬಂತು. ಆಗ ಅವರು ಅಂಥ ಹೆಸರುವಾಸಿಯೇನಲ್ಲ. ಸಿನಿಮಾದ ಅಸಲಿ ಸಂಗೀತಕ್ಕೆ ಬೇರೆ ದೊಡ್ಡ ಹೆಸರಿನವರನ್ನು ಹಾಕುವ ಯೋಚನೆ ಇತ್ತು. ಆದರೆ ಆಲ್ಬಂ ಕೇಳಿದ ಮೇಲೆ ಸಿನಿಮಾದ ನಿರ್ಮಾಪಕ ಇಸಾವೊ ತಕಾಹಾತಾ, ಇವರೇ ಬೇಕು ಅಂತ ಪಟ್ಟು ಹಿಡಿದರು. ತಕಾಹಾತಾ ಸ್ವತಃ ದೊಡ್ಡ ನಿರ್ದೇಶಕ, ಸಂಗೀತದ ಕಿವಿ ತುಂಬಾ ಚುರುಕು. 1984ರಲ್ಲಿ ಸಿನಿಮಾ ಬಂತು. ಅದರಲ್ಲಿ ಒಂದು ಕಡೆ ಪುಟ್ಟ ಮಗುವಿನ ದನಿಯಲ್ಲಿ ಬರೀ 'ಲಾ ಲಾ' ಅಂತ ಒಂದು ಧಾಟಿ ಬರುತ್ತದಲ್ಲ, ಮೈ ಜುಮ್ಮೆನ್ನುವಂಥದ್ದು, ಅದನ್ನು ಹಾಡಿದ್ದು ಹಿಸಾಯಿಶಿಯವರ 4 ವರ್ಷದ ಮಗಳು. ಆಮೇಲೆ ಮಿಯಾಜಾಕಿಯವರ ಒಂದೊಂದು ಪೂರ್ಣ ಪ್ರಮಾಣದ ಸಿನಿಮಾಕ್ಕೂ ಇವರದ್ದೇ ಸಂಗೀತ, 2023ರವರೆಗೂ.

1988ರ 'ಟೊಟೊರೊ' ಸಿನಿಮಾದಲ್ಲಿ ಈ ಪದ್ಧತಿ ಇನ್ನೂ ಮುಂದೆ ಹೋಯಿತು. ಅದರ ಇಮೇಜ್ ಆಲ್ಬಂ ಪೂರ್ತಿ ಮಕ್ಕಳ ಹಾಡುಗಳ ಸಂಗ್ರಹ. ಮಕ್ಕಳ ಲೇಖಕಿ ರಿಯೆಕೊ ನಾಕಾಗಾವಾ ಹಲವು ಹಾಡುಗಳಿಗೆ ಪದ ಬರೆದರು. ಅದರಲ್ಲಿ 'ಸಾಂಪೊ' ಅನ್ನುವ ಹಾಡಿದೆ, ಅಂದರೆ ನಡೆದಾಟ, ಸುಮ್ನೆ ಸುತ್ತಾಟ. ಇವತ್ತಿಗೂ ಜಪಾನಿನ ಶಿಶುವಿಹಾರಗಳಲ್ಲಿ ಮಕ್ಕಳು ಅದನ್ನು ಹಾಡಿಕೊಂಡು ಕೈ ಬೀಸುತ್ತಾ ನಡೆಯುತ್ತಾರೆ. ಅವರಲ್ಲಿ ಎಷ್ಟೋ ಮಕ್ಕಳಿಗೆ ಅದು ಸಿನಿಮಾ ಹಾಡು ಅನ್ನುವುದೇ ಗೊತ್ತಿರಲಿಕ್ಕಿಲ್ಲ. ನಮ್ಮ ಎರಡನೇ ಮಹಡಿಯ ಹುಡುಗಿಯ ಕಥೆಯೂ ಅದೇ ಅಲ್ವಾ? ಚಿತ್ರದ ಆಸರೆ ಇಲ್ಲದೆ ಹುಟ್ಟಿದ ಟ್ಯೂನು ಚಿತ್ರದ ಆಸರೆ ಇಲ್ಲದೆ ಬದುಕುತ್ತದೆ.

ಈಗ ಅವಳು ನುಡಿಸುವ ಟ್ಯೂನಿಗೆ ಬರೋಣ. ಹೌಲ್ ಸಿನಿಮಾದ ನಾಯಕಿ ಸೋಫಿ, ವಯಸ್ಸು 18. ಶಾಪದಿಂದ 90ರ ಮುದುಕಿಯಾಗುತ್ತಾಳೆ. ಅಷ್ಟೇ ಆದರೆ ಸರಿ. ಆಮೇಲೆ ಸಿನಿಮಾ ಪೂರ್ತಿ ಅವಳ ವಯಸ್ಸು ಮನಸ್ಸಿನ ಜೊತೆ ಏರಿಳಿಯುತ್ತದೆ. ಧೈರ್ಯ ಬಂದಾಗ ಬೆನ್ನು ನೆಟ್ಟಗಾಗುತ್ತದೆ, ಹೆದರಿದಾಗ ಸುಕ್ಕು ವಾಪಸ್. ಮುಖ ಹೀಗೆ ಬದಲಾಗುತ್ತಾ ಹೋದರೆ ನೋಡುವವರಿಗೆ ಇವಳು ಅದೇ ಸೋಫಿ ಅನ್ನುವುದು ಹೇಗೆ ಗೊತ್ತಾಗಬೇಕು? ಹಾಗಾಗಿ ಸಿನಿಮಾ ಉದ್ದಕ್ಕೂ ಒಂದೇ ಟ್ಯೂನು ಇರಲಿ ಅಂತ ಮಿಯಾಜಾಕಿ ಕೇಳಿದರು. ಹಿಸಾಯಿಶಿ ಮೂರು ಟ್ಯೂನು ಮಾಡಿಕೊಂಡು ಬಂದು ಅವರ ಮುಂದೆ ಪಿಯಾನೊದಲ್ಲಿ ನುಡಿಸಿದರು. ಆಯ್ಕೆಯಾದದ್ದು ಮೂರನೆಯದು, ಒಂದು ವಾಲ್ಟ್ಜ್.

ವಾಲ್ಟ್ಜ್ ಅಂದರೆ ಯುರೋಪಿನ ಕುಣಿತದ ಲಯ. ಒಂದು-ಎರಡು-ಮೂರು, ಒಂದು-ಎರಡು-ಮೂರು. ನಮ್ಮ ತಿಸ್ರ ನಡೆ ಗೊತ್ತಿದ್ದವರಿಗೆ ಬೇರೆ ವಿವರಣೆ ಬೇಡ. ಮೂರರ ಲಯ ಒಂದು ಕಡೆ ಗಟ್ಟಿಯಾಗಿ ನಿಲ್ಲುವುದಿಲ್ಲ, ತಿರುಗುತ್ತಲೇ ಇರುತ್ತದೆ. ಸೋಫಿ ಮತ್ತು ಮಾಂತ್ರಿಕ ಹೌಲ್ ಊರಿನ ಮಾಳಿಗೆಗಳ ಮೇಲೆ ಗಾಳಿಯಲ್ಲಿ ಹೆಜ್ಜೆ ಇಟ್ಟು ನಡೆಯುವ ದೃಶ್ಯದಲ್ಲಿ ಅದೇ ಟ್ಯೂನು ಪೂರ್ತಿ ವಾದ್ಯವೃಂದದಲ್ಲಿ ಉಕ್ಕುತ್ತದೆ. ಮುದುಕಿ ಒಬ್ಬಳೇ ಕೂತಾಗ ಅದೇ ಟ್ಯೂನು ನಿಧಾನವಾಗಿ, ಒಂದೆರಡು ವಾದ್ಯದಲ್ಲಿ ಮೆಲ್ಲಗೆ ಬರುತ್ತದೆ. ಒಂದೇ ಪಲ್ಲವಿಯನ್ನು ಹಿಡಿದು ಸಂಗತಿ ಮೇಲೆ ಸಂಗತಿ ಹಾಕುವ ಹಾಗೆ. ಎರಡು ಗಂಟೆಯಲ್ಲಿ ಒಂದೇ ಧಾಟಿಯನ್ನು ಹತ್ತಾರು ವೇಷದಲ್ಲಿ ಕೇಳಿದರೆ ಅದು ನೆನಪಲ್ಲಿ ಉಳಿಯದೆ ಇನ್ನೇನಾಗುತ್ತದೆ?

ಆದರೆ ಬರೀ ಪುನರಾವರ್ತನೆಯಿಂದ ಆಗುವ ಕೆಲಸ ಅಲ್ಲ ಇದು. ಜಾಸ್ತಿ ಕೇಳಿಸಿದರೆ ಬೇಸರವೂ ಬರುತ್ತದೆ. ಇಲ್ಲಿ ಎರಡನೇ ಗುಟ್ಟು ಇದೆ: ಸಂಗೀತ ಇಲ್ಲದ ಜಾಗ.

1986ರಲ್ಲಿ ಬಂದ 'ಕ್ಯಾಸಲ್ ಇನ್ ದಿ ಸ್ಕೈ' 2 ಗಂಟೆ 4 ನಿಮಿಷದ ಸಿನಿಮಾ. ಹಿಸಾಯಿಶಿ ಒಂದು ಸಂದರ್ಶನದಲ್ಲಿ ಹೇಳಿದ ಪ್ರಕಾರ ಅದರಲ್ಲಿ ಸಂಗೀತ ಇದ್ದದ್ದು ಸುಮಾರು ಒಂದು ಗಂಟೆ ಮಾತ್ರ. ಏಳೆಂಟು ನಿಮಿಷ ಸಂಗೀತವೇ ಇಲ್ಲದ ಭಾಗಗಳೂ ಇದ್ದವು. ಶುರುವಿನಲ್ಲೇ ಕಳ್ಳರು ಆಕಾಶನೌಕೆಗೆ ನುಗ್ಗುವ ದೃಶ್ಯ ಇದೆ, ಅಲ್ಲಿ ಸಂಗೀತ ಇಲ್ಲ, ಬರೀ ಗಾಳಿ, ಎಂಜಿನ್ನು, ಗದ್ದಲ. ಹತ್ತು ಹನ್ನೆರಡು ವರ್ಷದ ನಂತರ ಡಿಸ್ನಿ ಕಂಪನಿ ಅದನ್ನು ಇಂಗ್ಲಿಷಿಗೆ ಡಬ್ ಮಾಡಿಸಿತು. ಮೂರು ನಿಮಿಷಕ್ಕಿಂತ ಜಾಸ್ತಿ ಸಂಗೀತ ಇಲ್ಲದಿದ್ದರೆ ನಮ್ಮ ಪ್ರೇಕ್ಷಕರಿಗೆ ಕಸಿವಿಸಿ ಆಗುತ್ತದೆ ಅನ್ನುವುದು ಅವರ ವಾದ. ಸರಿ, ಹಿಸಾಯಿಶಿ ಇಡೀ ಸಿನಿಮಾಕ್ಕೆ ಹೊಸದಾಗಿ, ಇನ್ನೂ ಉದ್ದದ ಸಂಗೀತ ಬರೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಒಳ್ಳೆಯ ಪಾಠವಾಗುತ್ತದೆ. ಹೊಸದರಲ್ಲಿ ವಾದ್ಯಗಳು ಜಾಸ್ತಿ, ಮೆರುಗು ಜಾಸ್ತಿ. ನನಗೆ ಮಾತ್ರ ಹಳೆಯದೇ ಇಷ್ಟ. ಅಲ್ಲಿ ಟ್ಯೂನು ಬಂದಾಗ ಯಾರೋ ಬಾಗಿಲು ತಟ್ಟಿ ಒಳಗೆ ಬಂದ ಹಾಗಿರುತ್ತದೆ. ಹೊಸದರಲ್ಲಿ ಅವರು ಮೊದಲಿಂದ ಮನೆಯಲ್ಲೇ ಕೂತಿದ್ದಾರೆ.

ಈ ಖಾಲಿ ಜಾಗಕ್ಕೆ ಜಪಾನಿನಲ್ಲಿ 'ಮಾ' ಅಂತಾರೆ. ಮಿಯಾಜಾಕಿಯವರು ಒಮ್ಮೆ ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್‌ಗೆ ಇದನ್ನು ಚಪ್ಪಾಳೆ ತಟ್ಟಿ ತೋರಿಸಿದ್ದರು. ಎರಡು ಚಪ್ಪಾಳೆಯ ನಡುವೆ ಇರುವ ಹೊತ್ತೇ 'ಮಾ'. ತಾಳ ಹಾಕಿ ಬೆಳೆದ ನಮಗೆ ಇದು ಅಷ್ಟೇನೂ ಹೊಸದಲ್ಲ, ಪೆಟ್ಟಿನಷ್ಟೇ ಸದ್ದಿಲ್ಲದೆ ಕೈ ಬೀಸುವ ವಿಸರ್ಜಿತಕ್ಕೂ ಲೆಕ್ಕ ಇದೆ.

ಇದರ ಅತ್ಯುತ್ತಮ ಉದಾಹರಣೆ ಅಂದರೆ, ನನ್ನ ಮಟ್ಟಿಗಂತೂ, 'ಸ್ಪಿರಿಟೆಡ್ ಅವೇ' ಸಿನಿಮಾದ ರೈಲಿನ ದೃಶ್ಯ. 2001ರ ಸಿನಿಮಾ ಇದು, ಆಸ್ಕರ್ ಕೂಡ ಬಂತು. ಚಿಹಿರೊ ಅನ್ನುವ ಹತ್ತು ವರ್ಷದ ಹುಡುಗಿ ದೆವ್ವ ದೇವತೆಗಳ ಲೋಕದಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ. ಕಥೆ ಬಿಗಿಯಾಗಿ ಓಡುತ್ತಿರುವಾಗ, ಗೆಳೆಯನ ಪ್ರಾಣ ಉಳಿಸಬೇಕಾದ ಹೊತ್ತಲ್ಲಿ, ಅವಳು ರೈಲು ಹತ್ತುತ್ತಾಳೆ. ಹಳಿ ನೀರಿನೊಳಗೆ ಮುಳುಗಿದೆ. ಸುತ್ತ ಕಣ್ಣು ಹಾಯಿಸಿದಷ್ಟೂ ನೀರು. ಬೋಗಿಯಲ್ಲಿ ನೆರಳಿನಂಥ ಪ್ರಯಾಣಿಕರು ಚೀಲ ಹಿಡಿದು ಕೂತಿದ್ದಾರೆ, ಒಂದೊಂದು ಸ್ಟೇಷನ್ನಿನಲ್ಲಿ ಇಳಿದು ಹೋಗುತ್ತಾರೆ. ಒಂದು ಪ್ಲಾಟ್‌ಫಾರಂ ಮೇಲೆ ಒಬ್ಬ ನೆರಳು ಹುಡುಗಿ ಸುಮ್ಮನೆ ನಿಂತಿರುತ್ತಾಳೆ. ಯಾರೂ ಮಾತಾಡುವುದಿಲ್ಲ. ಕಥೆ ಒಂದಿಂಚೂ ಮುಂದೆ ಹೋಗುವುದಿಲ್ಲ. ಮೆಲ್ಲಗೆ ಪಿಯಾನೊ, ಒಂದು ಸ್ವರ, ಬಿಡುವು, ಇನ್ನೊಂದು ಸ್ವರ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಗೆಳೆಯನ ಚಿಂತೆಗೆ ಟೆನ್ಷನ್ ಬಿಜಿಎಂ ಹಾಕುತ್ತಿದ್ದರು. ಹಿಸಾಯಿಶಿ ಹುಡುಗಿಯ ಮನಸ್ಸಲ್ಲಿ ಏನಿದೆ ಅಂತ ನಮಗೆ ಹೇಳಲೇ ಇಲ್ಲ. ಹೇಳದೆ ಬಿಟ್ಟದ್ದನ್ನು ನಾವೇ ತುಂಬಿಕೊಳ್ಳುತ್ತೇವೆ, ನಮ್ಮದೇ ಯಾವುದೋ ರೈಲು, ಯಾವುದೋ ಸ್ಟೇಷನ್ನು. ಆಮೇಲೆ ಆ ಟ್ಯೂನನ್ನು ಹೇಗೆ ಮರೆಯುವುದು?

ಅದೇ ಸಿನಿಮಾದ ಕೊನೆಯ ಹಾಡು ಹಿಸಾಯಿಶಿಯವರದ್ದಲ್ಲ. ಯೂಮಿ ಕಿಮುರಾ ಅನ್ನುವ ಗಾಯಕಿ ಲೈರ್ ಅನ್ನುವ ಪುಟ್ಟ ತಂತಿವಾದ್ಯ ನುಡಿಸಿಕೊಂಡು ಹಾಡಿದ್ದು. ಮಿಯಾಜಾಕಿಯವರ ಕೆಲಸ ಮೆಚ್ಚಿ ಅವರಿಗೆ ಪತ್ರ ಬರೆದಿದ್ದರಂತೆ, ಆಗ ಅವರು ಯೋಚಿಸುತ್ತಿದ್ದ ಬೇರೊಂದು ಸಿನಿಮಾಕ್ಕಾಗಿ ಈ ಹಾಡು ಹುಟ್ಟಿತು. ಆ ಸಿನಿಮಾ ಆಗಲೇ ಇಲ್ಲ. ಹಾಡು ಉಳಿಯಿತು, ಇಲ್ಲಿಗೆ ಬಂದು ಸೇರಿತು. ನೋಡಿ, ಮತ್ತೆ ಅದೇ ಕ್ರಮ.

ಇನ್ನು ರಾಗದ ವಿಷಯ. ಈ ಟ್ಯೂನುಗಳು ನಮ್ಮ ಕಿವಿಗೆ ಪರಿಚಯದ ಹಾಗೆ ಅನ್ನಿಸುತ್ತವೆ ಅಂತ ಎಷ್ಟೋ ಜನ ಹೇಳುತ್ತಾರೆ. ಅದು ಬರೀ ಭ್ರಮೆ ಅಲ್ಲ. ಜಪಾನಿನಲ್ಲಿ 'ಯೊನಾನುಕಿ' ಅನ್ನುವ ಸ್ವರಶ್ರೇಣಿ ಇದೆ. ಆ ಪದದ ಅರ್ಥವೇ 'ನಾಲ್ಕು ಏಳು ತೆಗೆದದ್ದು'. ಏಳು ಸ್ವರದಲ್ಲಿ ನಾಲ್ಕನೆಯದು ಮ, ಏಳನೆಯದು ನಿ. ಎರಡನ್ನೂ ತೆಗೆದರೆ ಉಳಿಯುವುದು ಸ ರಿ ಗ ಪ ದ. ಅಂದರೆ ನಮ್ಮ ಮೋಹನ, ಹಿಂದೂಸ್ತಾನಿಯಲ್ಲಿ ಭೂಪ್. ಚಿಕ್ಕಂದಿನಲ್ಲಿ ಸಂಗೀತ ಪಾಠಕ್ಕೆ ಹೋಗಿ 'ವರವೀಣಾ' ಹಾಡಿದವರಿಗೆಲ್ಲ ಗೊತ್ತಿರುವ ಶ್ರೇಣಿ. ಜಪಾನಿನ ಎಷ್ಟೋ ಶಾಲಾ ಹಾಡು, ಹಳೆಯ ಜನಪ್ರಿಯ ಹಾಡುಗಳು ಇದರಲ್ಲೇ ಇವೆ. ಇನ್ನೊಂದಿದೆ, 'ಮಿಯಾಕೊ ಬುಶಿ'. ಚೆರ್ರಿ ಹೂವಿನ ಮೇಲಿನ 'ಸಕುರಾ' ಹಾಡು ಕೇಳಿದ್ದೀರಲ್ಲ, ಅದು ಈ ಜಾತಿ. ಸ್ವರ ಬರೆದು ನೋಡಿದರೆ ಹಿಂದೂಸ್ತಾನಿಯ ಗುಣಕ್ರಿಗೆ ಸರಿಹೊಂದುತ್ತದೆ. ದಕ್ಷಿಣದ ಒಕಿನಾವಾ ದ್ವೀಪಗಳ ಶ್ರೇಣಿ ಸ ಗ ಮ ಪ ನಿ, ಥೇಟ್ ಗಂಭೀರನಾಟ. ದೇವಸ್ಥಾನದಲ್ಲಿ ನಾಗಸ್ವರದವರು ಮಲ್ಲಾರಿ ನುಡಿಸುವ ರಾಗ! ಸ್ವರ ಒಂದೇ ಅಂದ ಮಾತ್ರಕ್ಕೆ ರಾಗ ಒಂದೇ ಅಂತಲ್ಲ, ಗಮಕ ಬೇರೆ, ನಡಿಗೆ ಬೇರೆ. ಅಲ್ಲಿಂದ ಇಲ್ಲಿಗೆ ಬಂತು ಅಂತಲೂ ನಾನು ಹೇಳುತ್ತಿಲ್ಲ. ಐದು ಸ್ವರದ ಶ್ರೇಣಿಗಳು ಲೋಕದ ಎಷ್ಟೋ ಕಡೆ ಇವೆ.

ಹಿಸಾಯಿಶಿ ಪೂರ್ತಿ ಐದು ಸ್ವರದಲ್ಲೇ ಬರೆಯುವವರಲ್ಲ. ಧಾಟಿಯಲ್ಲಿ ಅದರ ವಾಸನೆ ಇಟ್ಟುಕೊಂಡು ಕೆಳಗೆ ಪಾಶ್ಚಾತ್ಯ ಸ್ವರಮೇಳ, ಅಂದರೆ ಹಲವು ಸ್ವರ ಒಟ್ಟಿಗೆ ನುಡಿಸುವ ಕಾರ್ಡ್‌ಗಳನ್ನು ಇಡುತ್ತಾರೆ. ಜಪಾನಿನ ಜನಪ್ರಿಯ ಸಂಗೀತದಲ್ಲಿ ಒಂದು ಕಾರ್ಡ್ ಸಾಲು ಎಷ್ಟು ಬಳಕೆಯಲ್ಲಿದೆ ಅಂದರೆ ಅದಕ್ಕೆ ಅಲ್ಲಿ 'ರಾಜಮಾರ್ಗ' ಅಂತಲೇ ಹೆಸರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಮ, ಪ, ಗ, ದ ಈ ನಾಲ್ಕು ಸ್ವರಗಳ ಮೇಲೆ ಸರದಿಯಂತೆ ಕಾರ್ಡ್ ಕಟ್ಟುವುದು. ಇದರಲ್ಲಿ ಏನು ಇಲ್ಲ ನೋಡಿ. ಸ್ವರಗಳ ಮನೆಯಂಥ ಷಡ್ಜ, ಅಂದರೆ ಸ, ಇಲ್ಲ! ಮನೆಯಿಂದ ಹೊರಗೆ ಮ ಹತ್ತಿರ ಶುರು, ಅಲ್ಲಿಂದ ಪ. ಪ ಬಂದ ಮೇಲೆ ಸ ಬರಲೇಬೇಕು ಅಂತ ಕಿವಿ ಕಾಯುತ್ತದೆ, ಆದರೆ ಗಾಡಿ ಗ ಕಡೆ ತಿರುಗಿ ದ ಹತ್ತಿರ ಹೋಗಿ ನಿಲ್ಲುತ್ತದೆ. ಮನೆ ಬೀದಿಯ ತಿರುವಿಗೆ ಬಂದು ಮನೆಗೆ ಹೋಗದೆ ಮುಂದೆ ಹೋದ ಹಾಗೆ. ಖುಷಿಯೂ ಅಲ್ಲ, ದುಃಖವೂ ಅಲ್ಲ, ಏನೋ ಒಂದು ಹಳಹಳಿ. ಅನಿಮೆ, ಅಂದರೆ ಜಪಾನಿ ಅನಿಮೇಷನ್ ಹಾಡುಗಳಲ್ಲಿ ನಿಮಗೆ ಆ 'ಏನೋ ಒಂಥರಾ' ಅನ್ನಿಸಿದ್ದರೆ ಹಲವು ಸಲ ಕಾರಣ ಇದೇ.

ಹಿಸಾಯಿಶಿ ಒಬ್ಬರೇ ಅಲ್ಲ, ಉಳಿದವರ ಬಗ್ಗೆ ಬೇಗ ಹೇಳಿಬಿಡುತ್ತೇನೆ. 1988ರ 'ಅಕಿರಾ'ದ ಸಂಗೀತ ಮಾಡಿದ್ದು ಗೆಯಿನೊ ಯಮಾಶಿರೊಗುಮಿ ಅನ್ನುವ ತಂಡ. ಡಾಕ್ಟರು, ಎಂಜಿನಿಯರು, ವಿದ್ಯಾರ್ಥಿಗಳು ಹೀಗೆ ಬೇರೆ ಬೇರೆ ಕೆಲಸದ ನೂರಾರು ಜನ ಸೇರಿದ ಗುಂಪು, ನಡೆಸಿದವರು ಒಬ್ಬ ವಿಜ್ಞಾನಿ. ಬಾಲಿ ದ್ವೀಪದ ಬಿದಿರಿನ ವಾದ್ಯ, 'ನೋ' ಅನ್ನುವ ಹಳೆಯ ಜಪಾನಿ ನಾಟಕದ ದನಿ, ಬೌದ್ಧ ಪಠಣ, ಜೊತೆಗೆ ಸಿಂಥಸೈಜರ್. ಆ ಸಿಂಥಸೈಜರನ್ನೂ ಬಾಲಿಯ ವಾದ್ಯಮೇಳವಾದ ಗಾಮೆಲಾನ್ ಶ್ರುತಿಗೆ ಹೊಂದಿಸಿಕೊಂಡಿದ್ದರು. ಭವಿಷ್ಯದ ಟೋಕಿಯೊದಲ್ಲಿ ಬೈಕುಗಳು ನುಗ್ಗುವಾಗ ಬಿದಿರು ಕೊಟಗುಟ್ಟುತ್ತದೆ! ಇದರಲ್ಲೂ ಸಂಗೀತ ಮೊದಲು, ಚಿತ್ರಕ್ಕೆ ಹೊಂದಿಸಿದ್ದು ಆಮೇಲೆ.

1995ರ 'ಘೋಸ್ಟ್ ಇನ್ ದಿ ಶೆಲ್' ರೋಬೋ ದೇಹದ ಪೊಲೀಸ್ ಅಧಿಕಾರಿಯ ಕಥೆ. ಸಂಗೀತ ಕೆಂಜಿ ಕವಾಯಿ. ಬಲ್ಗೇರಿಯಾದ ಹೆಂಗಸರ ಮೇಳಗಾನದ ಧಾಟಿ ಅವರಿಗೆ ಬೇಕಿತ್ತು. ಅದು ಕೈಗೂಡದೆ ಜಪಾನಿನ ಜಾನಪದ ಗಾಯಕಿಯರಿಂದ ಹಾಡಿಸಿದರು. ಪದಗಳು ಹಳೆಯ ಜಪಾನಿ ಭಾಷೆಯವು, ಮದುವೆ ಹಾಡಿನ ಜಾತಿ, ಕೆಟ್ಟದ್ದು ದೂರವಾಗಲಿ ಅಂತ ಹಾಡುವಂಥದ್ದು. ಯಂತ್ರದ ದೇಹ ತಯಾರಾಗುವ ದೃಶ್ಯಕ್ಕೆ ಶೋಭಾನೆ! ಸಿನಿಮಾದ ಕೊನೆ ನೋಡಿದವರಿಗೆ ಮದುವೆ ಹಾಡು ಯಾಕೆ ಅನ್ನುವುದು ಹೊಳೆಯುತ್ತದೆ, ಇಲ್ಲಿ ಹೇಳುವುದಿಲ್ಲ.

2016ರ 'ಯುವರ್ ನೇಮ್' ನಮ್ಮ ಪದ್ಧತಿಗೆ ಹತ್ತಿರ. ನಿರ್ದೇಶಕ ಮಕೊಟೊ ಶಿಂಕಾಯಿ ರಾಡ್‌ವಿಂಪ್ಸ್ ಅನ್ನುವ ರಾಕ್ ಬ್ಯಾಂಡಿಗೆ ಸ್ಕ್ರಿಪ್ಟ್ ಕೊಟ್ಟರು. ಹಾಡುಗಳು ಬಂದ ಮೇಲೆ ಅವಕ್ಕೆ ತಕ್ಕ ಹಾಗೆ ದೃಶ್ಯಗಳನ್ನೇ ತಿದ್ದಿಕೊಂಡರು. ನಾಲ್ಕು ಪೂರ್ತಿ ಹಾಡು, ಹಾಡಿನೊಳಗೇ ಕಥೆ ಓಡುತ್ತದೆ. ಭಾರತದಲ್ಲಿ ಶಿಂಕಾಯಿಯವರಿಗೆ ಇಷ್ಟು ಅಭಿಮಾನಿಗಳು ಇರುವುದರಲ್ಲಿ ಆಶ್ಚರ್ಯವಿಲ್ಲ. ಅವರ ಮುಂದಿನ ಸಿನಿಮಾ ಇಲ್ಲೂ ಬರಲಿ ಅಂತ ನಮ್ಮವರು ಆನ್‌ಲೈನಿನಲ್ಲಿ ಸಹಿ ಸಂಗ್ರಹಿಸಿದ್ದರು, 2019ರಲ್ಲಿ ಅದು ಇಲ್ಲಿನ ಥಿಯೇಟರಿಗೆ ಬಂತು. ಜಪಾನಿನವರೂ ನಮ್ಮವರೂ ಸೇರಿ 1990ರ ದಶಕದ ಶುರುವಿನಲ್ಲಿ ಮಾಡಿದ ಅನಿಮೇಷನ್ ರಾಮಾಯಣ ನೆನಪಿದೆಯಾ? ಟಿವಿಯಲ್ಲಿ ಬರುತ್ತಿತ್ತು. ಅದರ ಸಂಗೀತ ವನರಾಜ್ ಭಾಟಿಯಾ ಅವರದ್ದು.

ಇಷ್ಟೆಲ್ಲ ಹೇಳಿ ತಕಾಹಾತಾರನ್ನು ಬಿಟ್ಟರೆ ತಪ್ಪಾಗುತ್ತದೆ. ಹಿಸಾಯಿಶಿಯನ್ನು ಗುರುತಿಸಿದ್ದು ಇವರೇ, ಆದರೆ ತಮ್ಮ ಸ್ವಂತ ಸಿನಿಮಾಕ್ಕೆ ಅವರಿಂದ ಸಂಗೀತ ಮಾಡಿಸಿದ್ದು ಮೂರು ದಶಕ ಕಳೆದ ಮೇಲೆ, 2013ರ 'ಪ್ರಿನ್ಸೆಸ್ ಕಗುಯಾ'ಕ್ಕೆ. ಕೊಟ್ಟ ಸೂಚನೆಗಳು ವಿಚಿತ್ರ: ಪಾತ್ರದ ಮನಸ್ಸಿನ ಭಾವವನ್ನು ಸಂಗೀತದಲ್ಲಿ ಹೇಳಬೇಡ, ಸನ್ನಿವೇಶಕ್ಕೆ ಅಂಟಿಕೊಳ್ಳಬೇಡ, ನೋಡುವವರ ಕಣ್ಣೀರು ಎಳೆಯಬೇಡ. ಹಾಗಾದರೆ ಇನ್ನೇನು ಉಳಿಯಿತು ಮಾರಾಯರೇ? ಕೊನೆಯ ದೃಶ್ಯ ನೋಡಿ. ಚಂದ್ರಲೋಕದವರು ಮೋಡ ಹತ್ತಿ ಕಗುಯಾಳನ್ನು ಕರೆದುಕೊಂಡು ಹೋಗಲು ಬರುತ್ತಾರೆ. ಸಾಕಿದ ಮುದಿ ಅಪ್ಪ ಅಮ್ಮ ಅಳುತ್ತಿದ್ದಾರೆ. ಸಂಗೀತ ಮಾತ್ರ ಜಾತ್ರೆಯ ಮೆರವಣಿಗೆಯ ಹಾಗೆ ಕುಣಿಯುತ್ತಾ ಬರುತ್ತದೆ. ಯಾಕೆಂದರೆ ಬರುತ್ತಿರುವವರಿಗೆ ದುಃಖ ಅಂದರೆ ಏನು ಅಂತ ಗೊತ್ತೇ ಇಲ್ಲ, ಅದು ಅವರ ಸಂಗೀತ, ನಮ್ಮದಲ್ಲ. ನಾನು ಅತ್ತದ್ದು ಆ ಕುಣಿತದ ಟ್ಯೂನಿಗೆ.

ಮಿಯಾಜಾಕಿಯವರ 2023ರ ಸಿನಿಮಾ 'ದಿ ಬಾಯ್ ಅಂಡ್ ದಿ ಹೆರಾನ್'ನಲ್ಲಿ ಕ್ರಮ ತಿರುಗುಮುರುಗಾಯಿತು. ಇಮೇಜ್ ಆಲ್ಬಂ ಇಲ್ಲ, ಮುಂಚಿತವಾಗಿ ಟಿಪ್ಪಣಿ ಇಲ್ಲ. ಹೆಚ್ಚುಕಡಿಮೆ ಮುಗಿದ ಚಿತ್ರವನ್ನು ಹಿಸಾಯಿಶಿಗೆ ತೋರಿಸಿ, ಇನ್ನು ನಿಮಗೆ ಬಿಟ್ಟದ್ದು ಅಂದರು. ಇಷ್ಟು ವರ್ಷದಲ್ಲಿ ಮೊದಲ ಸಲ ಚಿತ್ರವೇ ಮೊದಲು ಅನ್ನಬೇಕು. ಆದರೆ ಪೂರ್ತಿ ಹಾಗೂ ಅಲ್ಲ. ಪ್ರತಿ ಜನವರಿ 5ಕ್ಕೆ, ಮಿಯಾಜಾಕಿಯವರ ಹುಟ್ಟುಹಬ್ಬಕ್ಕೆ, ಹಿಸಾಯಿಶಿ ಒಂದು ಪುಟ್ಟ ಪಿಯಾನೊ ತುಣುಕು ಬರೆದು ತಂದು ಕೊಡುತ್ತಾರೆ. ಯಾವ ಸಿನಿಮಾಕ್ಕೂ ಅಲ್ಲ, ಸುಮ್ನೆ. ಹಾಗೆ ಕೊಟ್ಟ ಒಂದು ತುಣುಕು ಮಿಯಾಜಾಕಿಯವರಿಗೆ ಹಿಡಿಸಿಬಿಟ್ಟಿತು. ಆ ಸಿನಿಮಾದ ಮುಖ್ಯ ಟ್ಯೂನು ಅದೇ.